ಆಸ್ಪತ್ರೆಗೂ ಲ್ಯಾಬಿಗೂ ನಡುವಿನ ಕೆಲಸ ಯಾರದು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಟ್ಟುತ್ತಿರುವ ಆಸ್ಪತ್ರೆಯ ಬಗ್ಗೆ ಬಂದ ಸುದ್ದಿಗಳನ್ನು ನಾನು ಬಿಡದೆ ಓದುತ್ತೇನೆ. 2022ರ ಫೆಬ್ರುವರಿಯಲ್ಲಿ ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ, ಈ ಎರಡು ದಂಪತಿ ಸೇರಿ 425 ಕೋಟಿ ರೂಪಾಯಿ ಕೊಟ್ಟರು. ಅದೇ ವರ್ಷ ಜೂನ್‌ನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿದರು. 800ಕ್ಕೂ ಹೆಚ್ಚು ಹಾಸಿಗೆ, ಜೊತೆಗೆ ವೈದ್ಯರೂ ಆಗಿ ವಿಜ್ಞಾನಿಯೂ ಆಗುವಂಥ ಎಂಡಿ-ಪಿಎಚ್‌ಡಿ ಕೋರ್ಸು. 2024ರ ಕೊನೆಗೆ ಆಸ್ಪತ್ರೆ ಶುರುವಾಗುತ್ತದೆ ಎಂದು ಆಗ ಹೇಳಿದ್ದರು. ಆ ಗಡುವು ದಾಟಿ ಹೋಯಿತು. ಇರಲಿ, ಹೇಳಿದ ದಿನಕ್ಕೆ ಮುಗಿದ ದೊಡ್ಡ ಕಟ್ಟಡವನ್ನು ಈ ಊರಲ್ಲಿ ಯಾರು ನೋಡಿದ್ದಾರೆ ಹೇಳಿ. ನನ್ನ ತಕರಾರು ಅದಲ್ಲ.

ಈ ಸುದ್ದಿಗಳಲ್ಲಿ ದಾನಿಗಳ ಹೆಸರಿರುತ್ತದೆ, ಎಷ್ಟು ಎಕರೆ, ಎಷ್ಟು ಹಾಸಿಗೆ, ಯಾವ ಯಾವ ವಿಭಾಗ ಎಲ್ಲವೂ ಇರುತ್ತದೆ. ಆದರೆ ಆಸ್ಪತ್ರೆ ಮತ್ತು ಸಂಶೋಧನೆ ಎರಡನ್ನೂ ದಿನಾ ಬೆಳಿಗ್ಗೆ ಎದ್ದು ಒಟ್ಟಿಗೆ ನಡೆಸುವವರು ಯಾರು, ಅವರಿಗೆ ಏನು ಅಧಿಕಾರ, ಅವರು ಯಾರಿಗೆ ಉತ್ತರ ಕೊಡಬೇಕು, ಈ ಮಾತು ಬರುವುದೇ ಅಪರೂಪ. ಡೈರೆಕ್ಟರ್ ಬಗ್ಗೆ ನಾನು ಹೇಳುತ್ತಿಲ್ಲ. ಒಳ್ಳೆಯ ವೈದ್ಯರು, ಒಳ್ಳೆಯ ವಿಜ್ಞಾನಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಹೊರದೇಶಗಳಲ್ಲಿ ಚೀಫ್ ಆಪರೇಟಿಂಗ್ ಆಫೀಸರ್ ಅನ್ನುತ್ತಾರಲ್ಲ, ನಮ್ಮವರು ಆಪರೇಷನ್ಸ್ ಹೆಡ್ ಅನ್ನುತ್ತಾರಲ್ಲ, ಆ ಕುರ್ಚಿಯ ಬಗ್ಗೆ ಹೇಳುತ್ತಿದ್ದೇನೆ. ಕಟ್ಟಡ ಮುಗಿಯುವ ಮೊದಲೇ ಆ ಕುರ್ಚಿಯಲ್ಲಿ ಸರಿಯಾದವರು ಕೂತಿರಬೇಕು ಎಂಬುದು ನನ್ನ ವಾದ.

ಈ ಮಾತು ಹೇಳಲು ನನಗೆ ಕಾರಣವಿದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ರಿಸರ್ಚ್ ಕೋಆರ್ಡಿನೇಟರ್ ಆಗಿದ್ದೆ. ಹೆಸರು ಬೇಡ, ಈ ಕಥೆ ಯಾವ ಆಸ್ಪತ್ರೆಯದ್ದಾದರೂ ಆಗಬಹುದು. ಆಸ್ಪತ್ರೆ ನಮ್ಮದು, ಗ್ರಾಂಟು, ಅಂದರೆ ಸಂಶೋಧನೆಗೆ ಬಂದ ಹಣ, ಒಂದು ಯೂನಿವರ್ಸಿಟಿಯದ್ದು, ಎರಡೂ ಸೇರಿ ಒಂದು ಸ್ಟಡಿ. ವಾರ್ಡಿನಲ್ಲಿದ್ದ ಮಳವಳ್ಳಿ ಕಡೆಯ ವಯಸ್ಸಾದ ಒಬ್ಬ ರೈತರು ಸ್ಟಡಿಗೆ ಒಪ್ಪಿದರು. ಕನ್ಸೆಂಟ್ ಫಾರಂ ಕನ್ನಡದಲ್ಲೇ ಇತ್ತು, ‘ಈ ಪರೀಕ್ಷೆಗಳಿಗೆ ನೀವು ಹಣ ಕೊಡಬೇಕಾಗಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನೇ ಓದಿ ಹೇಳಿದ್ದೆ. ಡಿಸ್‌ಚಾರ್ಜ್ ದಿನ ಅವರ ಮಗ ಒಂದು ಕೈಯಲ್ಲಿ ಆ ಫಾರಂ, ಇನ್ನೊಂದು ಕೈಯಲ್ಲಿ ಬಿಲ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದ. ‘ಮೇಡಂ, ಇದ್ರಲ್ಲಿ ದುಡ್ಡಿಲ್ಲ ಅಂತಿದೆ, ಇದ್ರಲ್ಲಿ ಹಾಕಿದೀರಿ. ಯಾವ್ದು ನಂಬೋದು?’

ಆಗಿದ್ದು ಇಷ್ಟೇ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಕ್ಯಾಶ್, ಇನ್ಶೂರೆನ್ಸ್, ಸರ್ಕಾರಿ ಸ್ಕೀಮ್ ಎಂದು ಮೂರು ಆಯ್ಕೆ ಇದ್ದವು. ರಿಸರ್ಚ್ ಎಂಬ ಆಯ್ಕೆಯೇ ಇರಲಿಲ್ಲ. ಲ್ಯಾಬಿನವರು ಸ್ಯಾಂಪಲ್ ನೋಂದಾಯಿಸಿದ ಕೂಡಲೇ ಅದು ತಾನಾಗೇ ರೋಗಿಯ ಬಿಲ್ಲಿಗೆ ಹೋಗಿ ಕೂರುತ್ತಿತ್ತು. ಐಟಿಯವರನ್ನು ಕೇಳಿದರೆ ಬಿಲ್ಲಿಂಗ್‌ನವರು ಬರೆದು ಕೊಡಲಿ ಅಂದರು. ಬಿಲ್ಲಿಂಗ್‌ನವರು ಅಕೌಂಟ್ಸ್ ಕಡೆ ಕೈ ತೋರಿಸಿದರು. ಗ್ರಾಂಟಿನ ದುಡ್ಡು ನಮ್ಮ ಖಾತೆಗೆ ಬಂದೇ ಇಲ್ಲವಲ್ಲ, ಯೂನಿವರ್ಸಿಟಿಯವರನ್ನು ಕೇಳಿ ಅಂದರು ಅಕೌಂಟ್ಸ್‌ನವರು. ಆಸ್ಪತ್ರೆಯ ಸಾಫ್ಟ್‌ವೇರಿಗೂ ನಮಗೂ ಏನು ಸಂಬಂಧ ಅಂದರು ಯೂನಿವರ್ಸಿಟಿಯವರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಟ್ಟವರೂ ಅಲ್ಲ. ಎಲ್ಲರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯಾಗೇ ಇದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗೆ ಆ ರೈತರ ಮಗ ಕೌಂಟರಿಂದ ಕೌಂಟರಿಗೆ ಅಲೆದ. ಕೊನೆಗೆ ನಮ್ಮ ಡಾಕ್ಟರೇ ಜೇಬಿನಿಂದ ದುಡ್ಡು ಕಟ್ಟಿ ಕಳಿಸಿದರು. ಆ ರೈತರು ಫಾಲೋಅಪ್‌ಗೆ ಮತ್ತೆ ಬರಲಿಲ್ಲ. ಯಾಕೆ ಬರುತ್ತಾರೆ?

ಎರಡೂ ಸಂಸ್ಥೆಗಳಲ್ಲಿ ಮಾತು ನಡೆಯುವ ಒಬ್ಬರು ಇದ್ದಿದ್ದರೆ ಇದು ಎರಡು ಫೋನಿನ ಕೆಲಸ. ಇರಲಿಲ್ಲ. ಒಪ್ಪಂದಕ್ಕೆ (ಎಂಒಯು) ಸಹಿ ಹಾಕಿದ ಇಬ್ಬರು ದೊಡ್ಡವರು ಇದ್ದರು, ಸ್ಯಾಂಪಲ್ ಹಿಡಿದು ಓಡಾಡುವ ನಮ್ಮಂಥವರು ಇದ್ದೆವು. ನಡುವೆ ಯಾರೂ ಇರಲಿಲ್ಲ.

ಇಂಥ ಗ್ಯಾಪಿನಲ್ಲಿ ಬಿದ್ದು ಹೋಗುವ ವಿಷಯಗಳು ಒಂದೆರಡಲ್ಲ. ರಕ್ತದ ಟ್ಯೂಬು ತೆಗೆದ ಮೇಲೆ ಕೆಲವು ಪರೀಕ್ಷೆಗಳಿಗೆ ಕೆಲವೇ ಗಂಟೆಯೊಳಗೆ ಅದನ್ನು ಬೇರ್ಪಡಿಸಿ ಫ್ರೀಜರಿಗೆ ಹಾಕಬೇಕು. ಆಸ್ಪತ್ರೆ ಒಂದು ಕಡೆ, ಲ್ಯಾಬು ಊರಿನ ಇನ್ನೊಂದು ತುದಿ ಎಂದರೆ ಡ್ರೈವರ್ ಯಾರು, ಗಾಡಿ ಯಾರದು, ಡ್ರೈ ಐಸ್ ಯಾವ ಲೆಕ್ಕದಲ್ಲಿ ಕೊಳ್ಳುವುದು? ಸಂಜೆ ಆರಕ್ಕೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತವರಿಗೆ ಇದು ಎಂಥ ಪ್ರಶ್ನೆ ಎಂದು ಗೊತ್ತು. ಮೈನಸ್ 80 ಡಿಗ್ರಿಯ ಫ್ರೀಜರ್ ಗ್ರಾಂಟಿನಲ್ಲಿ ಬರುತ್ತದೆ, ಆದರೆ ಅದರ ಕರೆಂಟು, ಅದರ ಎಎಂಸಿ (ವರ್ಷದ ರಿಪೇರಿ ಗುತ್ತಿಗೆ), ಭಾನುವಾರ ರಾತ್ರಿ ಅದರ ಅಲಾರಂ ಹೊಡೆದರೆ ಓಡಿ ಬರುವ ಮನುಷ್ಯ, ಇವು ಯಾವ ಗ್ರಾಂಟಿನಲ್ಲೂ ಬರುವುದಿಲ್ಲ.

ನಿಯಮಗಳು ಇಲ್ಲವೆಂದಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಸಂಶೋಧನೆಯಲ್ಲಿ ರೋಗಿಯ ಹಿತ ಕಾಯುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ಟ್ರಯಲ್‌ನಲ್ಲಿದ್ದ ರೋಗಿಗೆ ಗಂಭೀರ ತೊಂದರೆಯಾದರೆ ವೈದ್ಯರು 24 ಗಂಟೆಯೊಳಗೆ ತಿಳಿಸಬೇಕು. ಒಳ್ಳೆಯ ನಿಯಮಗಳೇ. ಆದರೆ ಶನಿವಾರ ರಾತ್ರಿ ಹತ್ತಕ್ಕೆ ರೋಗಿಯನ್ನು ಐಸಿಯುಗೆ ಹಾಕಿದರು ಅಂದುಕೊಳ್ಳಿ, ಡ್ಯೂಟಿ ಡಾಕ್ಟರಿಗೆ ಅವರು ಟ್ರಯಲ್‌ನಲ್ಲಿದ್ದಾರೆ ಎಂದೇ ಗೊತ್ತಿಲ್ಲ, ಕೇಸ್ ಶೀಟಿನ ಮೇಲೆ ಗುರುತಿಲ್ಲ, ಟ್ರಯಲ್ ನಡೆಸುವ ಪ್ರೊಫೆಸರ್ ಕಾನ್ಫರೆನ್ಸ್‌ಗೆ ಹೋಗಿದ್ದಾರೆ, ಕೋಆರ್ಡಿನೇಟರ್ ಯೂನಿವರ್ಸಿಟಿಯ ಗುತ್ತಿಗೆ ನೌಕರಳು, ಆಸ್ಪತ್ರೆಯ ಫೈಲು ನೋಡುವ ಲಾಗಿನ್ ಅವಳಿಗೆ ಕೊಟ್ಟಿಲ್ಲ. 24 ಗಂಟೆ ಎಲ್ಲಿ ಹೋಯಿತು ಎಂದು ಸೋಮವಾರ ಹುಡುಕುತ್ತೀರಿ. ಇದು ವಿಜ್ಞಾನದ ಸಮಸ್ಯೆ ಅಲ್ಲ, ವೈದ್ಯರ ಜಾಣತನದ ಸಮಸ್ಯೆಯೂ ಅಲ್ಲ. ವ್ಯವಸ್ಥೆ ಮಾಡಿಡುವುದು ಯಾರ ಕೆಲಸ ಎಂದು ಯಾರೂ ತೀರ್ಮಾನ ಮಾಡಿಲ್ಲದ ಸಮಸ್ಯೆ.

ಗುತ್ತಿಗೆಯವರ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ನರ್ಸ್‌ಗಳು, ಫೀಲ್ಡ್‌ನವರು, ಡೇಟಾ ಎಂಟ್ರಿಯವರು ಎಲ್ಲರೂ ಪ್ರಾಜೆಕ್ಟ್ ಇರುವ ತನಕ ಮಾತ್ರ. ಒಬ್ಬ ಹುಡುಗಿಗೆ ರೋಗಿಗಳ ಜೊತೆ ಹೇಗೆ ಮಾತಾಡಬೇಕು, ಫಾರಂ ಹೇಗೆ ತುಂಬಬೇಕು ಎಂದು ಕಲಿಸಿ ಅವಳ ಕೈ ಪಳಗುವ ಹೊತ್ತಿಗೆ ಗ್ರಾಂಟು ಮುಗಿಯುತ್ತದೆ. ಮುಂದಿನ ಕಂತು ಬರಲು, ಹಿಂದಿನ ದುಡ್ಡು ಖರ್ಚಾಯಿತು ಎಂಬ ಯುಟಿಲೈಸೇಷನ್ ಸರ್ಟಿಫಿಕೇಟ್ ಹೋಗಬೇಕು, ಅದು ಎರಡೂ ಕಡೆಯ ಆಡಿಟರ್ ಟೇಬಲ್ ದಾಟಬೇಕು. ಅಷ್ಟರಲ್ಲಿ ಅವಳು ಯಾವುದೋ ಖಾಸಗಿ ಕಂಪನಿ ಸೇರಿರುತ್ತಾಳೆ. ನಾವು ಮತ್ತೆ ಹೊಸಬರಿಗೆ ಮೊದಲಿನಿಂದ ಪಾಠ ಹೇಳುತ್ತೇವೆ.

ಈಗ ಬ್ರಿಟನ್ ಕಡೆ ನೋಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಆಕ್ಸ್‌ಫರ್ಡ್ ಯೂನಿವರ್ಸಿಟಿಯ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ‘ರಿಕವರಿ’ ಟ್ರಯಲ್ ಶುರು ಮಾಡಿದರು. ಕರಡು ಬರೆದ ಒಂಬತ್ತು ದಿನಕ್ಕೆ ಮೊದಲ ರೋಗಿ ಸೇರಿ ಆಗಿತ್ತು. ಜೂನ್ 16ಕ್ಕೆ ಡೆಕ್ಸಾಮೆಥಾಸೋನ್ ಫಲಿತಾಂಶ ಹೊರಬಿತ್ತು. ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಹಳೆಯ, ಅಗ್ಗದ ಔಷಧ, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತು. ಆ ಹೊತ್ತಿಗೆ 170ಕ್ಕೂ ಹೆಚ್ಚು ಆಸ್ಪತ್ರೆಗಳಿಂದ 11,500ಕ್ಕೂ ಹೆಚ್ಚು ರೋಗಿಗಳು ಸೇರಿದ್ದರು. ನಮ್ಮ ಪತ್ರಿಕೆಗಳಲ್ಲಿ ಔಷಧದ ಹೆಸರು ಬಂತು, ಆಕ್ಸ್‌ಫರ್ಡ್ ಹೆಸರು ಬಂತು. ಅಷ್ಟು ಬೇಗ ಅದು ಹೇಗೆ ಆಯಿತು ಅನ್ನುವುದು ಮಾತ್ರ ಜಾಸ್ತಿ ಬರಲಿಲ್ಲ.

ಅದು ಆಗಿದ್ದು ಹಿಂದೆ ಮಾಡಿಟ್ಟ ಕೆಲಸದಿಂದ. 2006ರಲ್ಲೇ ಅವರು ಆರೋಗ್ಯ ಸಂಶೋಧನೆಗೆ ಎನ್‌ಐಎಚ್‌ಆರ್ ಎಂಬ ರಾಷ್ಟ್ರೀಯ ಸಂಸ್ಥೆ ಮಾಡಿ, ಸರ್ಕಾರಿ ಆಸ್ಪತ್ರೆಗಳಲ್ಲೇ ಸಂಬಳ ಕೊಟ್ಟು ರಿಸರ್ಚ್ ನರ್ಸ್‌ಗಳನ್ನು ಇಟ್ಟುಕೊಂಡಿದ್ದರು. ಮೊದಲು ಪ್ರತಿ ಆಸ್ಪತ್ರೆಯಿಂದಲೂ ಬೇರೆ ಬೇರೆ ಅನುಮತಿ ತರಬೇಕಿತ್ತು, 2016ರಿಂದ ಇಂಗ್ಲೆಂಡಿನಲ್ಲಿ ಅದನ್ನೆಲ್ಲ ಒಂದೇ ಅನುಮತಿಯ ಕೆಳಗೆ ತಂದರು. ಯೂನಿವರ್ಸಿಟಿಯವರು ಆಸ್ಪತ್ರೆಯೊಳಗೆ ಕೆಲಸ ಮಾಡಲು ರಿಸರ್ಚ್ ಪಾಸ್‌ಪೋರ್ಟ್ ಎಂಬ ವ್ಯವಸ್ಥೆ ಇದೆ, ಪ್ರತಿ ಸಲ ಪೊಲೀಸ್ ವೆರಿಫಿಕೇಶನ್‌ನಿಂದ ಶುರು ಮಾಡುವ ಹಾಗಿಲ್ಲ. ಟ್ರಯಲ್‌ನ ಫಾರಂ ಕೂಡ ಚಿಕ್ಕದು, ಪಿಪಿಇ ಕಿಟ್ ಹಾಕಿಕೊಂಡು ಬೆವರುತ್ತಿರುವ ಡಾಕ್ಟರು ತುಂಬಬಹುದಾದಷ್ಟು ಚಿಕ್ಕದು. ದೇಶದ ಮುಖ್ಯ ವೈದ್ಯಾಧಿಕಾರಿಗಳು ಎಲ್ಲ ಆಸ್ಪತ್ರೆಗಳಿಗೆ ಪತ್ರ ಬರೆದು ರೋಗಿಗಳನ್ನು ಇದಕ್ಕೆ ಸೇರಿಸಿ ಎಂದರು. ಇದರಲ್ಲಿ ನೊಬೆಲ್ ಬರುವಂಥದ್ದು ಏನೂ ಇಲ್ಲ. ಎಲ್ಲ ಆಡಳಿತದ ಕೆಲಸ.

ಹಾಗಂತ ಅಲ್ಲಿ ಎಲ್ಲವೂ ಚಂದ ಅಂತಲ್ಲ. ಲಂಡನ್‌ನಲ್ಲಿ 2007ರಲ್ಲಿ ಸೇಂಟ್ ಮೇರೀಸ್, ಹ್ಯಾಮರ್‌ಸ್ಮಿತ್ ಮುಂತಾದ ಆಸ್ಪತ್ರೆಗಳನ್ನು ಸೇರಿಸಿ ಇಂಪೀರಿಯಲ್ ಕಾಲೇಜಿನ ಜೊತೆ ಕಟ್ಟಿ ದೇಶದ ಮೊದಲ ಇಂಥ ಕೇಂದ್ರ ಮಾಡಿದರು. ಸ್ಟೀಫನ್ ಸ್ಮಿತ್ ಅನ್ನುವವರು ಕಾಲೇಜಿನ ವೈದ್ಯಕೀಯ ವಿಭಾಗಕ್ಕೂ ಮುಖ್ಯಸ್ಥ, ಆಸ್ಪತ್ರೆಗಳಿಗೂ ಮುಖ್ಯಸ್ಥ. ಒಬ್ಬರೇ ಎರಡೂ ಕಡೆ ಇದ್ದರೆ ಜಗಳವೇ ಇರುವುದಿಲ್ಲ ಅನ್ನುವುದು ಲೆಕ್ಕಾಚಾರ. ಅವರು ಸಿಂಗಾಪುರಕ್ಕೆ ಹೋದ ಮೇಲೆ ಎರಡು ಹುದ್ದೆಗಳೂ ಬೇರೆಯಾದವು. 2012ರ ಆರಂಭದಲ್ಲಿ ಅದೇ ಆಸ್ಪತ್ರೆಗಳ ಕಾಯುವ ಪಟ್ಟಿಯ ಲೆಕ್ಕ ನಂಬುವ ಹಾಗಿಲ್ಲ ಎಂದು ಕೆಲವು ತಿಂಗಳು ಅಂಕಿ ಅಂಶ ಕೊಡುವುದನ್ನೇ ನಿಲ್ಲಿಸಿ ಎಲ್ಲ ಮತ್ತೆ ಪರಿಶೀಲಿಸಬೇಕಾಯಿತು. ಜಗತ್ತಿಗೇ ಹೆಸರಾದ ಸಂಶೋಧನಾ ಕೇಂದ್ರ, ಯಾವ ರೋಗಿ ಎಷ್ಟು ದಿನದಿಂದ ಕಾಯುತ್ತಿದ್ದಾರೆ ಅನ್ನುವ ಲೆಕ್ಕ ತಪ್ಪಿತ್ತು. ಒಂದಕ್ಕೆ ಇನ್ನೊಂದು ನೇರ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮೇಲೆ ಎಷ್ಟೇ ದೊಡ್ಡ ವಿಜ್ಞಾನಿ ಇದ್ದರೂ ಲೆಡ್ಜರ್ ನೋಡುವವರು ಬೇರೆಯೇ ಬೇಕು, ಒಬ್ಬರ ತಲೆಯ ಮೇಲೆ ಎರಡು ಟೋಪಿ ಹಾಕಿದ ಮಾತ್ರಕ್ಕೆ ಆಗುವುದಿಲ್ಲ ಎಂದು ನನಗನಿಸುತ್ತದೆ.

ನನಗೆ ಹಿಡಿಸುವುದು ಅಮೆರಿಕದ ಮೇಯೊ ಕ್ಲಿನಿಕ್‌ನ ಪದ್ಧತಿ. 1908ರಲ್ಲೇ ಅವರು ಬ್ಯಾಂಕಿನಲ್ಲಿದ್ದ ಹ್ಯಾರಿ ಹಾರ್ವಿಕ್ ಅನ್ನುವ ಹುಡುಗನನ್ನು ಕರೆತಂದು ಲೆಕ್ಕಪತ್ರ, ಆಡಳಿತ ನೋಡಿಕೋ ಎಂದರು. ಇವತ್ತಿಗೂ ಅಲ್ಲಿ ವಿಭಾಗಕ್ಕೆ ವೈದ್ಯರೇ ಮುಖ್ಯಸ್ಥರು, ಆದರೆ ಪಕ್ಕದಲ್ಲಿ ಜೋಡಿಯಾಗಿ ಒಬ್ಬ ಆಡಳಿತಗಾರ ಇರುತ್ತಾರೆ. ಏನು ಮಾಡಬೇಕು ಅನ್ನುವುದನ್ನು ಡಾಕ್ಟರು ಹೇಳುತ್ತಾರೆ, ಅದು ಆಗುವ ಹಾಗೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಇಬ್ಬರೂ ಒಟ್ಟಿಗೆ ಉತ್ತರ ಕೊಡಬೇಕು.

ನಮ್ಮಲ್ಲಿ ಆಡಳಿತಗಾರರು ಇಲ್ಲವೇ? ಇದ್ದಾರೆ. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಡೈರೆಕ್ಟರ್ ವೈದ್ಯರು, ಮುಖ್ಯ ಆಡಳಿತಾಧಿಕಾರಿ ಕೆಎಎಸ್‌ನವರು. ಕೆಲವರು ತುಂಬಾ ಚುರುಕು. ಆದರೆ ಆಸ್ಪತ್ರೆಯ ಮೂಲೆ ಮೂಲೆ ಅರ್ಥವಾಗುವ ಹೊತ್ತಿಗೆ ವರ್ಗಾವಣೆ ಆದೇಶ ಬರುತ್ತದೆ, ನಿನ್ನೆ ಪೌಷ್ಟಿಕ ಆಹಾರದ ಫೈಲು ನೋಡುತ್ತಿದ್ದವರು ಇವತ್ತು ಬಂದು ಎಥಿಕ್ಸ್ ಕಮಿಟಿ ಅಂದರೆ ಏನು ಎಂದು ಕೇಳುತ್ತಾರೆ. ಅವರ ತಪ್ಪೇನೂ ಇಲ್ಲ. ಸಂಶೋಧನೆ ಅವರ ಕೆಲಸದ ಪಟ್ಟಿಯಲ್ಲೇ ಇಲ್ಲ.

ನಮ್ಮಿಂದ ಆಗುವುದಿಲ್ಲ ಎಂದು ಯಾರೂ ಹೇಳಬೇಡಿ. ಅದೇ 2020ರಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸಿದ ಪ್ಲಾಸ್ಮಾ ಟ್ರಯಲ್ ನೆನಪಿದೆಯಾ, ಕೊರೊನಾದಿಂದ ಗುಣವಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಟ್ಟು ನೋಡಿದ್ದು? ದೇಶದ 39 ಆಸ್ಪತ್ರೆ, 464 ರೋಗಿಗಳು, ಏಪ್ರಿಲ್‌ನಿಂದ ಜುಲೈವರೆಗೆ, ಅದೂ ಲಾಕ್‌ಡೌನ್ ಮಧ್ಯೆ. ಪ್ಲಾಸ್ಮಾದಿಂದ ಸಾವು ಕಡಿಮೆಯಾಗುವುದಿಲ್ಲ ಎಂದು ಧೈರ್ಯವಾಗಿ ಹೇಳಿತು, ಪ್ಲಾಸ್ಮಾಗಾಗಿ ಊರೆಲ್ಲ ಹುಡುಕಾಡುತ್ತಿದ್ದ ಕಾಲದಲ್ಲಿ. ಇನ್ನೂ ಹತ್ತಿರ ಬೇಕೆಂದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಇದೆ. ಮಾವಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮರೆವಿನ ಕಾಯಿಲೆ ಹೇಗೆ ಬರುತ್ತದೆ ಎಂದು ನೋಡುವ ಗುರಿ ಇಟ್ಟುಕೊಂಡು 2018ರಲ್ಲಿ ಕೆಲಸ ಶುರು ಮಾಡಿದರು. ಮನೆ ಮನೆಗೆ ಹೋಗಿ ಒಪ್ಪಿಸುವುದು, ಹೊಲದ ಕೆಲಸ ಬಿಟ್ಟು ಬರುವ ಹಾಗೆ ಮಾಡುವುದು, ಮುಂದಿನ ಸಲವೂ ಅದೇ ಅಜ್ಜಿ ಬರುವ ಹಾಗೆ ನೋಡಿಕೊಳ್ಳುವುದು ಲ್ಯಾಬಿನಲ್ಲಿ ಕೂತು ಆಗುವ ಕೆಲಸವಲ್ಲ. ನಿಮ್ಹಾನ್ಸ್ ಆಸ್ಪತ್ರೆ ಮತ್ತು ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಕೂಡ 2016ರಿಂದ ಮಾನಸಿಕ ಕಾಯಿಲೆ ಹೆಚ್ಚಿರುವ ಕುಟುಂಬಗಳ ಬಗ್ಗೆ ಜೊತೆಯಾಗಿ ಕೆಲಸ ಮಾಡುತ್ತಿವೆ, 2023ರಲ್ಲಿ ರೋಹಿಣಿ ನಿಲೇಕಣಿಯವರು ಈ ಜೋಡಿಗೆ ಐದು ವರ್ಷಕ್ಕೆಂದು 100 ಕೋಟಿ ಕೊಟ್ಟರು. ಒಂದು ಹೊಸೂರು ರಸ್ತೆಯಲ್ಲಿ, ಇನ್ನೊಂದು ದೂರದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ. ಇಂಥ ಕಡೆ ತೆರೆಮರೆಯಲ್ಲಿ ಕೆಲಸ ಮಾಡಿ ಅನುಭವ ಇರುವವರು ಈ ಊರಲ್ಲೇ ಇದ್ದಾರೆ. ಹೊಸ ಆಸ್ಪತ್ರೆಗೆ ಜನ ಹುಡುಕುವಾಗ ಅವರನ್ನು ಕೇಳದೆ ಐಷಾರಾಮಿ ಆಸ್ಪತ್ರೆಯ ಮಾರ್ಕೆಟಿಂಗ್ ನೋಡಿಕೊಂಡವರನ್ನು ತಂದು ಕೂರಿಸಿದರೆ ನನಗಂತೂ ಬೇಜಾರಾಗುತ್ತದೆ.

ಇದಕ್ಕೆ ಒಂದು ಉತ್ತರ ಯಾವಾಗಲೂ ಬರುತ್ತದೆ, ಅದನ್ನು ಕೇಳಿ ಕೇಳಿ ಸಾಕಾಗಿದೆ: ಇನ್ನೊಂದು ದೊಡ್ಡ ಹುದ್ದೆ ಯಾಕೆ, ಇನ್ನೊಂದು ಕ್ಯಾಬಿನ್, ಇನ್ನೊಂದು ಕಾರು, ಅದೇ ದುಡ್ಡಿನಲ್ಲಿ ಇಬ್ಬರು ವಿಜ್ಞಾನಿಗಳು ಬರುತ್ತಾರೆ. ಡಾಕ್ಟರುಗಳೂ ಆಡಳಿತ ಅಂದರೆ ಮೂಗು ಮುರಿಯುತ್ತಾರೆ. ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಅಧಿಕಾರವಿಲ್ಲದ ಆಪರೇಷನ್ಸ್ ಹೆಡ್ ಅಂದರೆ ಫೈಲಿಗೆ ಇನ್ನೊಂದು ಸಹಿ ಜಾಸ್ತಿ ಆಯಿತು ಅಷ್ಟೇ. ಅಂಥವರು ಬೇಡವೇ ಬೇಡ. ಆದರೆ ಈಗ ಆ ಕೆಲಸ ಪುಕ್ಕಟೆಯಾಗಿ ನಡೆಯುತ್ತಿದೆ ಎಂದುಕೊಳ್ಳಬೇಡಿ. ರೋಗಿ ನೋಡಬೇಕಾದ ಡಾಕ್ಟರು ಡ್ರೈ ಐಸ್‌ಗೆ ಇಂಡೆಂಟ್ ಬರೆಯುತ್ತಾ ಕೂತಿರುತ್ತಾರೆ, ಪಿಎಚ್‌ಡಿ ಮಾಡಬೇಕಾದ ಹುಡುಗ ಎಎಂಸಿಗೆ ಮೂರು ಕೊಟೇಶನ್ ಹುಡುಕುತ್ತಿರುತ್ತಾನೆ. ಅವರ ಸಂಬಳ ಯಾರೂ ಲೆಕ್ಕ ಹಾಕುವುದಿಲ್ಲ.

ಹಾಗಾದರೆ ಎಂಥವರು ಬೇಕು? ಆಸ್ಪತ್ರೆ, ಸಂಶೋಧನೆ ಎರಡೂ ಕಡೆಯವರು ಸೇರಿ ಆರಿಸಿದವರು ಬೇಕು, ಎರಡೂ ಕಡೆಯಿಂದ ನೇಮಕದ ಪತ್ರ ಇರಬೇಕು. ಒಂದೇ ಆವರಣ, ಒಂದೇ ಸಂಸ್ಥೆ ಅಲ್ವಾ, ಎರಡು ಕಡೆ ಎಲ್ಲಿಂದ ಬಂತು ಎಂದು ಕೇಳಬಹುದು. 1909ರಿಂದ ವಿಜ್ಞಾನದ ಲೆಕ್ಕದಲ್ಲಿ ನಡೆದುಕೊಂಡು ಬಂದಿರುವ ಸಂಸ್ಥೆಗೆ ರಾತ್ರಿ ಎರಡಕ್ಕೆ ಆಂಬುಲೆನ್ಸ್ ಬರುವ ಜಾಗ ಎಂದರೆ ಬೇರೆಯೇ ಮನೆ. ಟೆಂಡರ್ ಆಗಿ ಮೂರು ತಿಂಗಳಿಗೆ ಮೈಕ್ರೋಸ್ಕೋಪ್ ಬಂದರೆ ಯಾರೂ ಸಾಯುವುದಿಲ್ಲ. ರೋಗಿಗೆ ಹಾಕುವ ಕ್ಯಾತಿಟರ್ ನಳಿಕೆ ಬರದಿದ್ದರೆ ಕಥೆ ಬೇರೆ. ಆದ್ದರಿಂದ ಇಂತಿಷ್ಟು ಮೊತ್ತದವರೆಗೆ ಯಾರನ್ನೂ ಕೇಳದೆ ಸಹಿ ಹಾಕುವ ಅಧಿಕಾರ ಅವರಿಗೆ ಇರಬೇಕು. ಐದು ವರ್ಷವಾದರೂ ಇರುವ ಗ್ಯಾರಂಟಿ ಇರಬೇಕು. ರಿಸರ್ಚ್ ನರ್ಸ್‌ಗಳನ್ನು ಪ್ರಾಜೆಕ್ಟ್ ಪ್ರಾಜೆಕ್ಟಿಗೆ ತೆಗೆದುಕೊಂಡು ಬಿಡುವ ಬದಲು ಒಂದು ಕಾಯಂ ತಂಡ ಕಟ್ಟಿ, ಗ್ರಾಂಟುಗಳಿಂದ ನರ್ಸ್‌ಗಳ ಸಂಬಳದ ಪಾಲು ವಸೂಲಿ ಮಾಡುವುದು ಈ ಆಪರೇಷನ್ಸ್ ಹೆಡ್‌ನ ಜವಾಬ್ದಾರಿಯಾಗಬೇಕು. ಎಥಿಕ್ಸ್ ಕಮಿಟಿಯ ಮೇಲೆ ಮಾತ್ರ ಅವರ ಕೈ ಹೋಗಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೆಲಸ ಬೇಗ ಆಗಲಿ ಅನ್ನುವವರೇ ಕಮಿಟಿಗೂ ಒತ್ತಡ ಹಾಕಿದರೆ ರೋಗಿಯ ಪರ ಮಾತಾಡುವವರು ಯಾರೂ ಉಳಿಯುವುದಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೂ ಒಂದು ಮಾತು. ನಿಮ್ಮ ಕೆಳಗಿರುವ ಕಾಲೇಜುಗಳಲ್ಲಿ ಸಂಶೋಧನೆ ಕಡ್ಡಾಯ ಅನ್ನುತ್ತೀರಿ, ಪೇಪರ್ ಎಷ್ಟು ಬಂತು ಎಂದು ಎಣಿಸುತ್ತೀರಿ. ಕಾಲೇಜಿನ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ರಿಸರ್ಚ್ ಅನ್ನುವ ಆಯ್ಕೆ ಇದೆಯಾ ಎಂದು ಇನ್‌ಸ್ಪೆಕ್ಷನ್‌ಗೆ ಹೋದವರು ಒಮ್ಮೆ ಕೇಳಿ ನೋಡಿ, ಸುಮ್ನೆ ಕುತೂಹಲಕ್ಕೆ.

ಸಂಪಾದಕರೇ, ನಿಮ್ಮ ವರದಿಗಾರರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ವಿಜ್ಞಾನ ಸಂಸ್ಥೆಯಲ್ಲೋ, ಇಂಥದ್ದೇ ಬೇರೆ ಕಡೆಯಲ್ಲೋ ಸುದ್ದಿಗೋಷ್ಠಿ ಕರೆದಾಗ ರೋಬೋಟ್ ಸರ್ಜರಿ ಯಾವಾಗ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇದನ್ನು ದಿನಾ ನಡೆಸುವವರು ಯಾರು, ಅವರಿಗೆ ಎಷ್ಟು ದುಡ್ಡಿನವರೆಗೆ ಸಹಿ ಹಾಕುವ ಅಧಿಕಾರ ಇದೆ, ಟ್ರಯಲ್‌ನಲ್ಲಿರುವ ರೋಗಿಗೆ ತಪ್ಪು ಬಿಲ್ ಬಂದರೆ ಯಾರನ್ನು ಕೇಳಬೇಕು. ಉತ್ತರದಲ್ಲಿ ‘ಕಮಿಟಿ’ ಎಂದು ಬಂದರೆ ಆ ಕಮಿಟಿಯಲ್ಲಿ ಯಾರು ಎಂದು ಮತ್ತೊಮ್ಮೆ ಕೇಳಲಿ, ಬಂದ ಹೆಸರನ್ನು ಪತ್ರಿಕೆಯಲ್ಲಿ ಹಾಕಲಿ.

ಇಂತಿ,
ಒಬ್ಬ ನಿವೃತ್ತ ರಿಸರ್ಚ್ ಕೋಆರ್ಡಿನೇಟರ್, ಬೆಂಗಳೂರು